ದೀಪದ ಸುತ್ತಲಿನ ರಬ್ಬರು

2025ರ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಮಾಡಿದ ಒಂದು ಸಣ್ಣ ಕೆಲಸದ ವಿಷಯವನ್ನು ಇಂದು ಬರೆಯುತ್ತಿದ್ದೇನೆ. ಕೆಲಸ ಇಷ್ಟೇ: ಹಳೆಯ ಅಂಬಾಸಿಡರ್ ಕಾರಿನ ಮುಂದಿನ ದೀಪಗಳಿಗೆ ಹೊಸ ರಬ್ಬರ್ ಬೀಡಿಂಗ್ ಕೂರಿಸುವುದು. ಹನ್ನೆರಡು ವರ್ಷಗಳ ಹಿಂದೆ ಒಂದು ಭಾನುವಾರದ ಬೆಳಗಿನಲ್ಲಿ ಮುಗಿಯಬೇಕಾಗಿದ್ದ ಕೆಲಸವದು.

ನನ್ನಲ್ಲಿ ಓದಿದ ಕೆಲವರಿಗಾದರೂ ಆ ಕಾರಿನ ನೆನಪಿರಬಹುದು. ಶಾಲಾ ವಾರ್ಷಿಕೋತ್ಸವದ ಅತಿಥಿಗಳನ್ನು ಕರೆತರಲು ನನ್ನ ಭಾವ ಅದನ್ನು ಕಳುಹಿಸಿಕೊಡುತ್ತಿದ್ದರು. ಅದು 1976ರ ಮಾರ್ಕ್ 3. ಭಾವ ಅದನ್ನು 1984ರಲ್ಲಿ ಎರಡನೆಯ ಕೈಯಲ್ಲಿ ಕೊಂಡರು. 1991ರಲ್ಲಿ ತಾವೇ ಬಣ್ಣದಂಗಡಿಯಲ್ಲಿ ನಿಂತು, ಬಿಳಿಗೆ ಹಳದಿಯನ್ನು ಹನಿಹನಿಯಾಗಿ ಬೆರೆಸಿಸಿ, ಕಾಯಿಸಿದ ಹಾಲಿನ ಕೆನೆಯಂಥ ಬಣ್ಣವೊಂದನ್ನು ಮಾಡಿಸಿ ಹೊಡೆಸಿದರು. ಆ ಬಣ್ಣಕ್ಕೆ ಡಬ್ಬಿಯ ಸಂಖ್ಯೆಯೂ ಇಲ್ಲ, ಹೆಸರೂ ಇಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಅದಕ್ಕೆ ಒಂದು ವರ್ಷ ಮೊದಲೇ ಭಾವನವರು ತೀರಿಕೊಂಡಿದ್ದರು.

ದೀಪದ ರಚನೆಯನ್ನು ಸ್ವಲ್ಪ ಹೇಳಬೇಕು. ಮಡ್‌ಗಾರ್ಡಿನ ಮುಂತುದಿಯಲ್ಲಿ ಒಂದು ದೊಡ್ಡ ದುಂಡು ರಂಧ್ರವಿರುತ್ತದೆ. ಅದರೊಳಗೆ ಬಟ್ಟಲಿನಂಥ ತಗಡಿನ ಭಾಗ. ಬಟ್ಟಲಿನಲ್ಲಿ ಏಳು ಇಂಚು ವ್ಯಾಸದ ದೀಪ. ಎಲ್ಲದರ ಮೇಲೆ ಹೊಳೆಯುವ ಕ್ರೋಮ್ ರಿಂಗು. ಈ ಲೋಹದ ಭಾಗಗಳು ಮಡ್‌ಗಾರ್ಡಿನ ಬಣ್ಣಕ್ಕೆ ನೇರವಾಗಿ ತಾಗದಂತೆ ನಡುವೆ ರಬ್ಬರ್ ಬೀಡಿಂಗ್ ಇರುತ್ತದೆ. ಬಿಸಿಲು, ಶಾಖ ಮತ್ತು ಗಾಳಿಯಲ್ಲಿರುವ ಓಜೋನಿನಿಂದ ರಬ್ಬರು ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಆಗ ಕಾರಿನ ಅದುರಾಟಕ್ಕೆ ಲೋಹವು ಬಣ್ಣವನ್ನು ಉಜ್ಜತೊಡಗುತ್ತದೆ. ಮೇಲಿನಿಂದ ಮಳೆನೀರು ಇಳಿಯುತ್ತದೆ. ಹಿಂದಿನಿಂದ ಚಕ್ರವೆರಚಿದ ಕೆಸರು ಬಂದು ಕೂರುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ರಿಂಗು ಫಳಫಳ ಹೊಳೆಯುತ್ತಲೇ ಇರುತ್ತದೆ.

2013ರ ಮೇ ತಿಂಗಳಲ್ಲಿ ಭಾವ ಇದನ್ನೇ ನನಗೆ ತೋರಿಸಿ, "ಮೇಷ್ಟ್ರೇ, ಮೃಗಶಿರ ಮಳೆ ಹಿಡಿಯುವುದರೊಳಗೆ ಈ ಎರಡು ಬೀಡಿಂಗ್ ಬದಲಾಯಿಸಿಬಿಡಿ. ನನ್ನ ಕೈ ನಡುಗುತ್ತದೆ, ಸ್ಕ್ರೂ ಹಿಡಿಯಲಾಗುವುದಿಲ್ಲ" ಎಂದಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, ಮೇಷ್ಟ್ರೇ ಎಂದು. ನಾನು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಹುಡುಕಿ ಒಂದು ಜೊತೆ ತಂದೆ. ಅದನ್ನು ಶಿವಮೊಗ್ಗದ ನನ್ನ ಮನೆಯ ಮೇಜಿನ ಖಾನೆಯಲ್ಲಿಟ್ಟೆ. ಶಾಲೆ ತೆರೆಯಿತು, ಹೊಸ ವೇಳಾಪಟ್ಟಿ ಬಂತು, ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ ಎಂದುಕೊಳ್ಳುತ್ತಾ ಹೋದೆ. ಅಷ್ಟರಲ್ಲಿ ಭಾವನವರು ಆಸ್ಪತ್ರೆ ಸೇರಿದರು.

ನೋಡಲು ಹೋದ ದಿನ ಹೊರಗೆ ಮಳೆ ಜೋರಾಗಿತ್ತು. ಕಿಟಕಿಯ ಕಡೆ ನೋಡುತ್ತಾ ಅವರು ಕೇಳಿದ್ದು ಒಂದೇ ಮಾತು: "ಬೀಡಿಂಗ್ ಹಾಕಿದಿರಾ?"

"ಹಾಕಿದೆ ಭಾವ, ಎರಡೂ ಹಾಕಿದೆ" ಎಂದೆ.

ಅವರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಅದಾದ ಐದನೆಯ ದಿನ ಹೋಗಿಬಿಟ್ಟರು.

ಮನೆಗೆಲಸ ಮಾಡದೆ, "ಮಾಡಿದ್ದೇನೆ ಸಾರ್, ಪುಸ್ತಕ ಮನೆಯಲ್ಲಿದೆ" ಎಂದ ಎಷ್ಟು ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ! ನಿಲ್ಲಿಸಿದವರಲ್ಲಿ ಕೆಲವರು ಇದನ್ನೂ ಓದುತ್ತಿರಬಹುದು. ನಾನು ಅಂದು ಹೇಳಿದ್ದೂ ಅದೇ ಸುಳ್ಳು. ಸಾಯುವವರ ಮನಸ್ಸಿಗೆ ನೆಮ್ಮದಿಯಾಗಲೆಂದು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕೆಲಸ ಮಾಡಿಲ್ಲವೆಂಬ ನಾಚಿಕೆಯಿಂದ ತಪ್ಪಿಸಿಕೊಳ್ಳುವುದೇ ಆ ಕ್ಷಣದ ಉದ್ದೇಶವಾಗಿತ್ತೆಂಬುದು ನನಗೆ ಗೊತ್ತು. ಆಮೇಲೆ ಆ ಖಾನೆಯನ್ನು ತೆರೆಯುವುದಕ್ಕೇ ಮನಸ್ಸಾಗಲಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ಕಾರನ್ನು ಶೆಡ್ಡಿನಿಂದ ಹೊರತೆಗೆದು ತೊಳೆಯುತ್ತಿದ್ದೆ, ಮೇಣ ಹಚ್ಚಿ ಉಜ್ಜುತ್ತಿದ್ದೆ. ರಿಂಗನ್ನು ಮಾತ್ರ ಬಿಚ್ಚುತ್ತಿರಲಿಲ್ಲ.

2025ರಲ್ಲಿ ಅಕ್ಕನ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಅಜ್ಜನ ಕಾರಿನಲ್ಲೇ ಮಂಟಪಕ್ಕೆ ಹೋಗಬೇಕೆಂದು ಹುಡುಗಿ ಹಟ ಹಿಡಿದಳು. ಏಪ್ರಿಲ್‌ನಲ್ಲಿ ಕಾರನ್ನು ಸರಿಪಡಿಸಲು ಹೋದಾಗ, ಎಡಗಡೆಯ ದೀಪದ ಕೆಳಗೆ ಬಣ್ಣ ಹಪ್ಪಳದಂತೆ ಉಬ್ಬಿರುವುದನ್ನು ಕಂಡೆ. ಬೆರಳಿಂದ ಒತ್ತಿದರೆ ಕರಕರ ಎಂದಿತು. ರಿಂಗು ಬಿಚ್ಚಿದೆ. ರಬ್ಬರಿದ್ದ ಜಾಗದಲ್ಲಿ ಕಪ್ಪು ಪುಡಿ; ಬಟ್ಟಲಿನ ಹಿಂದೆ ಒಣಗಿದ ಕೆಸರು; ರಂಧ್ರದ ಅಂಚಿನಲ್ಲಿ ಅಂಗೈಯಗಲ ತುಕ್ಕು, ಅದರ ಮಧ್ಯೆ ಬೆರಳು ತೂರುವಷ್ಟು ತೂತು.

ಮೂರು ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ನಾವು ಮಾಡುತ್ತಿದ್ದ ಪ್ರಯೋಗ ನಿಮಗೆ ನೆನಪಿರಬೇಕು. ಒಂದರಲ್ಲಿ ಸಾಮಾನ್ಯ ನೀರು. ಇನ್ನೊಂದರಲ್ಲಿ ಕುದಿಸಿ ಆರಿಸಿ ಮೇಲೆ ಎಣ್ಣೆ ಸುರಿದ ನೀರು. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡು. ಗಾಳಿ ಮತ್ತು ನೀರು ಎರಡೂ ಸಿಕ್ಕ ಮೊಳೆ ಮಾತ್ರ ತುಕ್ಕು ಹಿಡಿಯುತ್ತಿತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತಿ ಬಿಡಿಸುತ್ತದೆ, ಬಿಟ್ಟ ಸಂದಿಗೆ ಮತ್ತೆ ನೀರು ಹೋಗುತ್ತದೆ ಎಂದೂ ಹೇಳಿಕೊಟ್ಟಿದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪಾಠ ಮಾಡಿದವನು ಮೊದಲನೆಯ ಪ್ರನಾಳವನ್ನು ಭಾವನ ಕಾರಿನಲ್ಲೇ ಇಟ್ಟು ಮರೆತಿದ್ದೆ.

ಮೇಜಿನ ಖಾನೆಯಿಂದ ಹಳೆಯ ಜೊತೆಯನ್ನು ತಂದಿದ್ದೆ. ಮಡಚಿಟ್ಟ ಆಕಾರದಲ್ಲೇ ಅದು ಗಡುಸಾಗಿತ್ತು. ಬಿಡಿಸಲು ಹೋದರೆ ಮಡಿಕೆಯಲ್ಲಿ ಬಿರಿಯಿತು. ಮತ್ತೆ ಹೊಸದನ್ನು ತರಿಸಬೇಕಾಯಿತು.

ಕಾರನ್ನು ನೋಡಲು ಬಂದ ಬಣ್ಣದವನು ಪೂರ್ತಿ ಬಣ್ಣ ಕೆರೆದು ಹೊಸದು ಹೊಡೆಯುವುದೇ ಒಳ್ಳೆಯದೆಂದ. ಅಕ್ಕ ಒಪ್ಪಲಿಲ್ಲ. "ಅವರು ಹೊಡೆಸಿದ ಬಣ್ಣ ಇರಲಿ. ಕೆಟ್ಟದ್ದಷ್ಟನ್ನೇ ತೆಗಿ" ಎಂದಳು. ಹಾಗಾಗಿ ತೂತು ಬಿದ್ದಲ್ಲಿ ತಗಡಿನ ತುಂಡು ಬೆಸೆದದ್ದಾಯಿತು. ಉಳಿದ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ಪ್ರೈಮರ್ ಬಳಿದು, ಹೊಂದಿಕೆಯಾಗುವಷ್ಟು ಹತ್ತಿರದ ಬಣ್ಣ ಹೊಡೆಯಲಾಯಿತು. ಹತ್ತಿರವೇ ಹೊರತು ಅದೇ ಅಲ್ಲ. ಹಗಲು ಬೆಳಕಿನಲ್ಲಿ ತೇಪೆ ಕಾಣುತ್ತದೆ.

ಹಳೆಯ ಕಾರಿಟ್ಟುಕೊಂಡವರು ನಿಮ್ಮಲ್ಲಿಯೂ ಇದ್ದೀರಿ. ನಾನು ಕಲಿತ ನಾಲ್ಕು ಮಾತು ನಿಮಗೆ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲು ರಬ್ಬರು ಕೂರಿಸಬೇಡಿ, ಅಂಟಿಕೊಂಡು ಗುರುತು ಬೀಳುತ್ತದೆ. ರಬ್ಬರು ಸುಲಭವಾಗಿ ಜಾರಲೆಂದು ಗ್ರೀಸನ್ನೋ ಇಂಜಿನ್ ಎಣ್ಣೆಯನ್ನೋ ಹಚ್ಚಬೇಡಿ, ರಬ್ಬರು ಉಬ್ಬಿ ಕೆಡುತ್ತದೆ. ತೆಳು ಸಾಬೂನು ನೀರು ಸಾಕು. ಸಂದಿಗೆ ಹುಳಿವಾಸನೆಯ ಸಿಲಿಕೋನ್ ಮೆತ್ತಬೇಡಿ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಕಬ್ಬಿಣಕ್ಕೆ ಶತ್ರು. ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ತಿರುಗಿಸಿದರೆ ರಬ್ಬರು ಸುಕ್ಕುಗಟ್ಟಿ ನೀರಿಗೆ ದಾರಿಯಾಗುತ್ತದೆ. ಕೊನೆಗೆ ಕತ್ತಲಲ್ಲಿ ಗೋಡೆಯ ಮುಂದೆ ಕಾರು ನಿಲ್ಲಿಸಿ ಬೆಳಕು ಸರಿಯಾಗಿ ಬೀಳುತ್ತದೆಯೇ ನೋಡಿ.

ಎಡಗಡೆಯದು ಮುಗಿದ ಮೇಲೆ ಅಂಗಳದಲ್ಲಿ ಅಕ್ಕ ಹಲಸಿನ ಹಪ್ಪಳ ಒಣಹಾಕುತ್ತಿದ್ದಲ್ಲಿಗೆ ಹೋಗಿ ಕುಳಿತೆ. ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳನ್ನು ಹೇಳಿಬಿಟ್ಟೆ. ಅಕ್ಕ ಹಪ್ಪಳ ಹರಡುವುದನ್ನು ನಿಲ್ಲಿಸಲಿಲ್ಲ.

"ಇಲ್ಲ ಅಂತ ಹೇಳಿದ್ದರೆ ಬೇರೆ ಯಾರಿಗಾದರೂ ಹೇಳಿ ಮಾಡಿಸುತ್ತಿದ್ದರು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಕಡೆಯದನ್ನು ಬಿಚ್ಚಿದೆಯೇನೋ?" ಎಂದು ಕೇಳಿದಳು.

"ಇನ್ನೂ ಇಲ್ಲ ಅಕ್ಕ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ? ಮೋಡ ಕಟ್ಟಿದೆ ನೋಡು."

ಎದ್ದು ಹೋಗಿ ಬಲಗಡೆಯದನ್ನು ಬಿಚ್ಚಿದೆ. ಅಲ್ಲಿ ತುಕ್ಕು ಇನ್ನೂ ಅಂಚಿನಲ್ಲೇ ಇತ್ತು, ತಗಡು ಗಟ್ಟಿಯಾಗಿತ್ತು. ಉಜ್ಜಿ, ಬಳಿದು, ಅದು ಒಣಗಿ ಗಟ್ಟಿಯಾಗುವವರೆಗೆ ಅಕ್ಕನ ಮನೆಯಲ್ಲೇ ಉಳಿದೆ. ರಬ್ಬರು ಕೂರಿಸಿ ಕೊನೆಯ ಸ್ಕ್ರೂ ಬಿಗಿದ ಮೇಲೆಯೇ ಶಿವಮೊಗ್ಗದ ಬಸ್ಸು ಹತ್ತಿದ್ದು.