ಮುಂಜಾನೆ ಮಗ, ಸಂಜೆಗೆ ಅಪ್ಪ

ರಜೆಗೆ ಪುಣೆಯಿಂದ ಅಕ್ಕನ ಮನೆಯವರು ಬರುತ್ತಾರೆಂದರೆ ನನಗೆ ಎಲ್ಲಿಲ್ಲದ ಹುರುಪು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಲೆಕ್ಕವನ್ನು ಮನೆಯವರು ಹಾಕಿದರೆ, ಯಾವ ಹೊತ್ತಿಗೆ ಯಾವ ಕಟ್ಟಡ ಎಂಬುದು ನನ್ನ ಲೆಕ್ಕ. ವಿಜಯಪುರವನ್ನು ತೋರಿಸುವುದರಲ್ಲಿ ಹೊತ್ತೇ ಮುಖ್ಯ.

ಗೋಳಗುಮ್ಮಟಕ್ಕೆ ಬಾಗಿಲು ತೆರೆಯುತ್ತಲೇ ಹೋಗಬೇಕು. ಬಿಸಿಲೇರಿದರೆ ಶಾಲಾ ಪ್ರವಾಸದ ಬಸ್ಸುಗಳು ಬಂದು, ಕೂಗು ಸಿಳ್ಳೆಗಳಲ್ಲಿ ಒಳಗಿನದೇನೂ ಕೇಳಿಸುವುದಿಲ್ಲ. ಮೂಲೆಯ ಮಿನಾರಿನ ಕಡಿದಾದ ಮೆಟ್ಟಿಲು ಹತ್ತಿ ಗ್ಯಾಲರಿ ಸೇರಿದ ಮೇಲೆ ಮಕ್ಕಳನ್ನು ಒಂದು ಬದಿಗೆ ಕೂರಿಸಿ ಭಾವನನ್ನು ಎದುರು ಬದಿಗೆ ಕಳಿಸುತ್ತೇನೆ. ನಡುವೆ ಸುಮಾರು 37 ಮೀಟರ್ ಬರೀ ಬಯಲು. ಭಾವ ಗೋಡೆಗೆ ಮುಖವಿಟ್ಟು "ಚಹಾ ಕುಡಿಯೂಣೇನು?" ಎಂದು ಪಿಸುಗುಟ್ಟಿದ್ದು ಇತ್ತ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಬಾಗಿದ ಗೋಡೆಯ ಗುಂಟ ದನಿ ಜಾರಿ ಬರುವ ಆ ಗಳಿಗೆಯಲ್ಲಿ ಮಕ್ಕಳ ಮುಖ ನೋಡಬೇಕು. ಅದಕ್ಕಾಗಿಯೇ ನಾನು ಮತ್ತೆ ಮತ್ತೆ ಹತ್ತುತ್ತೇನೆ.

ಕಳೆದ ಸಲ ಸೊಸಿ ಕೆಳಗೆ ನೋಡುತ್ತ ಕೇಳಿದಳು: "ಮಾಮಾ, ಇಷ್ಟು ದೊಡ್ಡ ಗುಮ್ಮಟಕ್ಕ ಕಂಬ ಎಲ್ಲವ?" ಕಂಬವೇ ಇಲ್ಲ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ, ಮೇಲಿನ ಭಾರವನ್ನು ಹೊತ್ತಿವೆ. ಹೊರಗೆ ತಳ್ಳುವ ಗುಮ್ಮಟವನ್ನು ಅವು ಒಳಕ್ಕೆ ಎಳೆದು ಹಿಡಿಯುತ್ತವೆ. ಅವಳಿಗೆ ಬೆರಳುಗಳನ್ನು ಹೆಣೆದು ತೋರಿಸುತ್ತಿದ್ದಂತೆ, ದಿನಾ ಅದರ ಮುಂದೆಯೇ ಓಡಾಡುವ ನಾನೂ ಆ ಕಮಾನುಗಳನ್ನು ಒಂದೊಂದಾಗಿ ಎಣಿಸಿದೆ. ಅಂಥ ಪ್ರಶ್ನೆ ಊರಿನವರು ಕೇಳುವುದಿಲ್ಲ.

ಮಧ್ಯಾಹ್ನ ಮುಲ್ಕ ಮೈದಾನ ತೋಪು. ಸುಮಾರು 55 ಟನ್ನಿನ ಲೋಹ. ಸಿಂಹದ ಬಾಯಿ, ಆ ಬಾಯೊಳಗೆ ಸಿಕ್ಕಿದ ಆನೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಮಕ್ಕಳಿಗೆ ಇಷ್ಟ, ನನಗೆ ಅಷ್ಟಕ್ಕಷ್ಟೆ.

ನನ್ನ ಮನಸ್ಸೆಲ್ಲ ಬಾರಾ ಕಮಾನಿನಲ್ಲಿ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಮಗ ಎರಡನೆಯ ಅಲಿ, ತನಗಾಗಿ ಶುರುಮಾಡಿದ ಗೋರಿ ಅದು. ಮುಗಿಯಲೇ ಇಲ್ಲ. ಕಪ್ಪು ಕಲ್ಲಿನ ಕಮಾನುಗಳು ಮೇಲ್ಛಾವಣಿಯಿಲ್ಲದೆ ಆಕಾಶಕ್ಕೆ ತೆರೆದುಕೊಂಡು ನಿಂತಿವೆ. ಗುಮ್ಮಟದೊಳಗೆ ಗಾರೆ ಮುಚ್ಚಿದ ಜಾಣ್ಮೆ ಇಲ್ಲಿ ಬಯಲಲ್ಲಿ, ಕಲ್ಲು ಕಲ್ಲಿನ ಲೆಕ್ಕದಲ್ಲಿ ಕಾಣುತ್ತದೆ. ಮುಂಜಾನೆ ಕಂಬ ಹುಡುಕಿದವಳನ್ನು ಅಲ್ಲಿ ನಿಲ್ಲಿಸಿದರೆ ನಾನು ಮತ್ತೇನೂ ಹೇಳಬೇಕಾಗಿಲ್ಲ.

ಹಗಲಿಡೀ ದೊಡ್ಡದನ್ನು ನೋಡಿದವರನ್ನು ಬಿಸಿಲು ಇಳಿದ ಮೇಲೆ ಇಬ್ರಾಹಿಂ ರೋಜಾಕ್ಕೆ ಕರೆದೊಯ್ಯುತ್ತೇನೆ. ಮುಹಮ್ಮದನ ಅಪ್ಪ, 'ಕಿತಾಬ್-ಎ-ನವರಸ್' ಬರೆದ ಸಂಗೀತಪ್ರೇಮಿ ಎರಡನೆಯ ಇಬ್ರಾಹಿಂ ಮಲಗಿರುವ ಜಾಗ. ಗಾತ್ರದಲ್ಲಿ ಮಗನದು ಮೇಲು, ಚೆಲುವಿನಲ್ಲಿ ಅಪ್ಪನದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕಿಟಕಿಯ ಜಾಲಂಧ್ರವೆಂದು ತಿಳಿದದ್ದು ಹತ್ತಿರ ಹೋದರೆ ಅಕ್ಷರ: ಕಲ್ಲನ್ನೇ ಕೊರೆದು ಬರೆದ ಅರಬ್ಬಿ ಸಾಲುಗಳು. ಅಕ್ಕ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಳಿತು, "ಇದನ್ನ ಮೊದಲ ಯಾಕ ತೋರಸಲಿಲ್ಲ?" ಎನ್ನುತ್ತಾಳೆ. ಮೊದಲು ಇದನ್ನು ನೋಡಿದವರಿಗೆ ಗೋಳಗುಮ್ಮಟ ಬರೀ ದೊಡ್ಡದಾಗಿ ಕಂಡೀತು, ಅದಕ್ಕೇ.