ಕ್ಯೋಟೊದಲ್ಲಿ ಎಳ್ಳಿನ ಗೊಜ್ಜು

ಕ್ಯೋಟೊದ ನಿಶಿಕಿ ಮಾರ್ಕೆಟ್ಟು ಸುಮಾರು 390 ಮೀಟರ್ ಉದ್ದದ, ಚಾವಣಿ ಹಾಕಿದ ಒಂದೇ ಓಣಿ. ಅಲ್ಲಿ ಎಳ್ಳು ಹುರಿದ ಘಮ ಬಂದದ್ದೇ ನಮ್ಮತ್ತೆಯವರ ಮುಖ ಅರಳಿತು. ಪಾಪ, ಮೈದುನನ ಮನೆಗೆ ಬಂದಾಗಿನಿಂದ ಅವರಿಗೆ ಬರೀ ಮೊಸರನ್ನ! ತರಕಾರಿಗೆ ಕಲಸುವ ಎಳ್ಳಿನ ಡ್ರೆಸಿಂಗ್ ಸೀಸೆಯಲ್ಲಿ ಸಿಗುತ್ತೆ, ಆದರೆ ಸಾಮಾನ್ಯವಾಗಿ ಮೊಟ್ಟೆಯ ಹಳದಿ, ಎಷ್ಟೋ ಸಲ ಮೀನಿನ ಸಾರವೂ ಇರುತ್ತೆ.

ಓರಗಿತ್ತಿ ಮನೆಯಲ್ಲೇ ಮಾಡಿದಳು. ಸುರಿಬಾಚಿ ಅಂತ, ಒಳಗೆಲ್ಲ ಗೀರುಗಳಿರುವ ಮಣ್ಣಿನ ಬಟ್ಟಲು, ಅರೆಯಲು ಮರದ ಕೋಲು. ನಾಲ್ಕು ಚಮಚ ಬಿಳಿ ಎಳ್ಳು ಹುರಿದು (ಚಟಪಟ ಅಂದ ಕೂಡಲೇ ಇಳಿಸಿ, ಕೆಂಪಾದರೆ ಕಹಿ) ಎಣ್ಣೆ ಬಿಡುವವರೆಗೆ ಅರೆಯಬೇಕು. ಸೋಯಾ ಸಾಸ್, ಸಕ್ಕರೆ, ಅಕ್ಕಿ ವಿನೆಗರ್ ಒಂದೊಂದು ಚಮಚ, ಸೋಯಾ ಹಾಲು ಮೂರು. ಹುಳಿ ತಗಲಿದೊಡನೆ ಹಾಲು ಕೆನೆಯಂತಾಗುತ್ತೆ.

ಬೇಯಿಸಿ ಹಿಂಡಿದ ಪಾಲಕ್ಕಿಗೆ ಕಲಸಿ ಬಡಿಸಿದಳು. "ನಮ್ಮ ಗೊಜ್ಜೇ ಕಣೇ, ಒಗ್ಗರಣೆ ಒಂದಿಲ್ಲ" ಅಂತ ಅತ್ತೆ ಎರಡನೇ ಸಲ ಹಾಕಿಸಿಕೊಂಡರು.