ಮನೆಯೊಳಗಣ ಗೋಡೆ

ಮನೆಯೊಳಗೆ ಹೊಸದಾಗಿ ಒಂದು ಗೋಡೆ ಏಳುವುದೆಂದರೆ ನಮ್ಮ ಜಿಲ್ಲೆಯವರ ಕಿವಿಗೆ ಅದು ಮಂಗಳವಾರ್ತೆಯಲ್ಲ. ಅಂಗಳದಾಚೆ ಗೋಡೆಯೆದ್ದರೆ ಹಟ್ಟಿಗೆ ಹಸು ಬರುವುದೆಂದು ತಿಳಿಯುತ್ತಾರೆ. ತೋಟದ ಬದಿಗೆ ಎದ್ದರೆ ನೆರೆಯವರೊಡನೆ ವ್ಯಾಜ್ಯವೆಂದು ತಿಳಿಯುತ್ತಾರೆ. ಚಾವಡಿಯಿಂದ ಒಳಗೆ ಎದ್ದಿತೋ, ಎಲ್ಲರದೂ ಒಂದೇ ಪ್ರಶ್ನೆ: ‘ಪಾಲಾಯಿತೆ?’ ಈ ಪ್ರಶ್ನೆಗೆ ಕಾರಣವಿಲ್ಲದಿಲ್ಲ. ಅಳಿಯಕಟ್ಟಿನ ಕುಟುಂಬಗಳಲ್ಲಿ ಹಿಂದೆ ಎಲ್ಲರ ಸಮ್ಮತಿಯಿಲ್ಲದೆ ಆಸ್ತಿಯ ವಿಭಾಗವಾಗುತ್ತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಒಂದೊಂದು ಕವರಿಗೂ, ಅಂದರೆ ಒಬ್ಬ ತಾಯಿಯ ಸಂತತಿಯ ಒಂದೊಂದು ಶಾಖೆಗೂ, ತನ್ನ ಪಾಲನ್ನು ಕೇಳಿ ಪಡೆಯುವ ಹಕ್ಕನ್ನು ಕೊಟ್ಟಿತು. ಅಲ್ಲಿಂದೀಚೆಗೆ ಎಷ್ಟೋ ದೊಡ್ಡ ಮನೆಗಳ ಚಾವಡಿಗಳು ನಡುವೆ ಗೋಡೆಯನ್ನು ಹೊತ್ತು, ಒಂದೇ ಹಂಚಿನ ಮಾಡಿನ ಕೆಳಗೆ ಎರಡು ಒಲೆಗಳು ಉರಿದುವು. ಹಾಗೆ ನೋಡಿದ ಕಣ್ಣುಗಳಿಗೆ ಒಳಗಿನ ಗೋಡೆಯ ಮೇಲೆ ವಿಶ್ವಾಸ ಬರುವುದಾದರೂ ಹೇಗೆ?

ಕಳೆದ ಮಾಗಿಯಲ್ಲಿ, ಕಾಪುವಿನ ಕಡೆಯಲ್ಲಿರುವ ನಮ್ಮ ಮನೆಯ ಉಪ್ಪರಿಗೆಯಲ್ಲಿ ನಾನು ಅಂತಹದೊಂದು ಗೋಡೆಯನ್ನು ಎಬ್ಬಿಸಿದೆನು. ಅದು ಕಲ್ಲಿನದಲ್ಲ, ಮರದ್ದು. 6 ಅಡಿ ಉದ್ದ, ಅದರ ಹಿಂದೆ 2 ಅಡಿ ಆಳ, ಎದುರಿಗೆ ಎರಡು ಬಾಗಿಲು. ಬಟ್ಟೆಬರೆಗಳನ್ನಿಡಲು ಕೋಣೆಯೊಳಗೇ ಕಟ್ಟಿದ ಒಂದು ಪುಟ್ಟ ಕೋಣೆಯೆಂದರೆ ಸರಿಯಾದೀತು. ಹಲಸಿನ ಹಲಗೆಗಳು ಅಂಗಳದಲ್ಲಿ ಇಳಿದ ದಿನವೇ ಮೇಲೆ ಹೇಳಿದ ಪ್ರಶ್ನೆಯೂ ಬಂತು. ‘ಪಾಲಲ್ಲ, ಕಪಾಟು’ ಎಂದರೆ ಕೇಳಿದವರಿಗೆ ಪೂರಾ ನಂಬಿಕೆಯಿಲ್ಲ. ಏಕೆಂದರೆ ನನ್ನ ಅಕ್ಕ ಊರಿಗೆ ಬಂದು ಆಗ ಎಂಟು ತಿಂಗಳಾಗಿತ್ತು.

ನಮ್ಮ ಹಿರಿಯರಿಗೆ ಬಟ್ಟೆಗೆಂದು ಬೇರೆ ಕೋಣೆ ಬೇಕಾಗಿರಲಿಲ್ಲ. ಭತ್ತಕ್ಕೆ ಪತ್ತಾಯ, ಕಾಳುಕಡಿಗೆ ಮರದ ಕಲೆಂಬಿ, ಬೆಲೆಯುಳ್ಳದ್ದಕ್ಕೆ ಬೀಗದ ಪೆಟ್ಟಿಗೆ, ದೀಪಕ್ಕೆ ಗೋಡೆಯ ಗೂಡು, ಒಗೆದ ಬಟ್ಟೆಗೆ ಮಾಡಿನಿಂದ ಹಗ್ಗದಲ್ಲಿ ಇಳಿಬಿಟ್ಟ ಬಿದಿರಿನ ಗಳು. ಅಡಿಗೆಮನೆಯ ಹೊಗೆ ಅಟ್ಟದವರೆಗೂ ಏರಿ, ಮರವನ್ನೂ ಬಟ್ಟೆಯನ್ನೂ ಹುಳುಹುಪ್ಪಟೆಗಳಿಂದ ಕಾಯುತ್ತಿತ್ತು. ಈಗ ಒಲೆಯ ಜಾಗಕ್ಕೆ ಗ್ಯಾಸು ಬಂದಿದೆ. ಹೊಗೆ ಹೋಯಿತು, ಅದರೊಡನೆ ಹೊಗೆಯ ಕಾವಲೂ ಹೋಯಿತು. ಮಳೆಯಾದರೋ ಹೋಗಲಿಲ್ಲ. ವರುಷಕ್ಕೆ ಸುಮಾರು 4000 ಮಿಲಿಮೀಟರು ಸುರಿಯುವ ನಾಡಿನಲ್ಲಿ, ಆಟಿ ತಿಂಗಳಿನಲ್ಲಿ ಮುಚ್ಚಿಟ್ಟ ಯಾವ ವಸ್ತುವಿನ ಮೇಲಾದರೂ ಬೂಷ್ಟು ಹಿಡಿಯದಿದ್ದರೆ ಅದೇ ಆಶ್ಚರ್ಯ.

ಅಕ್ಕ ನಾಲ್ವತ್ತು ವರುಷ ಮುಂಬಯಿಯಲ್ಲಿದ್ದಳು. ಭಾವನವರು ಅಲ್ಲಿ ಒಂದು ಚಿಕ್ಕ ಹೋಟೆಲು ನಡೆಸಿದವರು. ಅವರು ತೀರಿಕೊಂಡ ಮೇಲೆ ಅವಳು ಎರಡು ಕಬ್ಬಿಣದ ಟ್ರಂಕುಗಳೊಡನೆ ಊರಿಗೆ ಬಂದಳು. ಗಂಡನನ್ನು ಕಳೆದುಕೊಂಡ ಹೆಣ್ಣು ತಾಯಿಯ ಮನೆಗೆ ಮರಳುವುದು ಹಳೆಯ ಅಳಿಯಕಟ್ಟಿನಲ್ಲಿ ಯಾರ ಅನುಗ್ರಹವೂ ಆಗಿರಲಿಲ್ಲ. ಮನೆಯೇ ಅವಳದು, ತಮ್ಮನದು ಬರಿಯ ಯಜಮಾನಿಕೆ. ಕಾಯಿದೆಗಳು ಬದಲಾದುವು, ಕಾಗದಪತ್ರಗಳಲ್ಲಿ ಹೆಸರುಗಳು ಬದಲಾದುವು. ಅಕ್ಕನೂ ಬದಲಾಗಿದ್ದಳು. ಉಪ್ಪರಿಗೆಯ ಕೋಣೆಯಲ್ಲಿ ಅವಳು ನೆಂಟಳಂತೆ ಇದ್ದಳು. ಟ್ರಂಕುಗಳು ಮಂಚದ ಕೆಳಗೆ. ಸೀರೆಯೊಂದು ಹೊರಗೆ, ಉಳಿದುವೆಲ್ಲ ಒಳಗೆ. ಆ ಕೋಣೆಯ ನೆಲ ಮರದ ಹಲಗೆಯದು. ಯಾರು ಓಡಾಡಿದರೂ ಕೆಳಗೆ ಚಾವಡಿಗೆ ಸದ್ದು ಬರುವುದೆಂದು ನನ್ನ ಮಗ ಕೆಲವು ವರುಷಗಳ ಹಿಂದೆ ಗೋಡೆಯಿಂದ ಗೋಡೆಗೆ ಕಾರ್ಪೆಟು ಹಾಸಿ ಅಂಟಿಸಿದ್ದನು. ಆದುದರಿಂದ ಅಕ್ಕನ ಹೆಜ್ಜೆ ಕೇಳಿಸುತ್ತಿರಲಿಲ್ಲ. ಬೆಳಿಗ್ಗೆ ಸೀರೆ ತೆಗೆದ ಮೇಲೆ ಟ್ರಂಕಿನ ಚಿಲಕ ಹಾಕುವ ಸದ್ದು ಮಾತ್ರ ಕೇಳಿಸುತ್ತಿತ್ತು. ಎಂಟು ತಿಂಗಳು ಆ ಸದ್ದನ್ನು ಕೇಳಿ ನನ್ನ ಹೆಂಡತಿ ಒಂದು ದಿನ ಹೇಳಿದಳು: ‘ಅಕ್ಕನವರು ಇನ್ನೂ ರೈಲಿನಲ್ಲಿಯೇ ಇದ್ದಾರೆ.’

ಕೆಲಸಕ್ಕೆ ಕಾರ್ಕಳದ ಕಡೆಯ ಒಬ್ಬ ವೃದ್ಧ ಆಚಾರ್ಯರು ಬಂದರು. ಅವರು ಮೊದಲು ನೋಡಿದುದು ಗೋಡೆಯನ್ನಲ್ಲ, ನೆಲವನ್ನು. ಕಾರ್ಪೆಟಿನ ಮೇಲೆಯೇ ಚೌಕಟ್ಟನ್ನು ನಿಲ್ಲಿಸಿದರೆ ಆಗದೇ ಎಂದು ನನ್ನ ಮಗ ಕೇಳಿದನು. ಅವರು ತುಳುವಿನಲ್ಲಿ ಹೇಳಿದುದರ ಸಾರವಿಷ್ಟು: ಮೆತ್ತಗಿನದರ ಮೇಲೆ ನಿಂತ ಮರ ಕಾಲಕ್ರಮದಲ್ಲಿ ತಗ್ಗುತ್ತದೆ, ಬಾಗಿಲು ಓರೆಯಾಗುತ್ತದೆ, ಬೈರಿಗೆ ತಾಗಿದಲ್ಲಿ ನೂಲು ಸುತ್ತಿಕೊಂಡು ಉದ್ದಕ್ಕೂ ಹರಿದುಬರುತ್ತದೆ, ಮರದಡಿ ಉಳಿದ ನೂಲು ಮಳೆಗಾಲದ ತೇವವನ್ನು ಹಿಡಿದು ಮರಕ್ಕೆ ಕೊಡುತ್ತದೆ. ಆದುದರಿಂದ ಕಾರ್ಪೆಟನ್ನು ಗೆರೆ ಹೊಡೆದು ಕತ್ತರಿಸಿ, ಅದರ ಕೆಳಗಿನ ಮೆತ್ತೆಯನ್ನೂ ತೆಗೆದು, ಕಪಾಟಿನ ಒಳನೆಲವನ್ನು ಬರಿಯ ಹಲಗೆಯಾಗಿಯೇ ಬಿಟ್ಟರು. ಭಾರವು ಹಲಗೆಗಳ ಮೇಲಲ್ಲ, ಕೆಳಗಿನ ತೊಲೆಗಳ ಮೇಲೆ ಬೀಳಬೇಕು. ಕೆಳಗಿನ ಕೋಣೆಯ ಮುಚ್ಚಿಗೆಯಿಂದ ಬೋಗಿಮರದ ತೊಲೆಗಳ ಸಾಲನ್ನು ಅಳೆದು, ಅಡಿಪಟ್ಟಿಯು ಅವುಗಳಿಗೆ ಅಡ್ಡವಾಗಿ ಹಾಯುವಂತೆ ಗುರುತು ಹಾಕಿದರು.

ಚೌಕಟ್ಟನ್ನು ನೆಲದಲ್ಲಿ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸಿದರು. ಎತ್ತುವಾಗ ಮೂಲೆಯಿಂದ ಮೂಲೆಗೆ ಅಳತೆ ಹೆಚ್ಚಾಗಿ ಮೇಲೆ ಸಿಕ್ಕಿಕೊಳ್ಳುವುದುಂಟು. ಅದಕ್ಕಾಗಿ ಅರ್ಧ ಅಂಗುಲ ಗಿಡ್ಡವಾಗಿ ಮಾಡಿ, ನಿಂತ ಮೇಲೆ ಬೆಣೆ ಕೊಟ್ಟು ಬಿಗಿಸಿದರು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ನಿಲ್ಲದೆಂದು ತಿರುಪುಗಳೆಲ್ಲ ಹಿತ್ತಾಳೆಯವು. ನೈಋತ್ಯದ ಮಳೆ ಪಡುವಣ ಗೋಡೆಗೆ ನೇರವಾಗಿ ಹೊಡೆಯುತ್ತದೆ. ನಮ್ಮ ಕೆಂಪುಕಲ್ಲು ನೀರನ್ನು ಕುಡಿಯುವ ಕಲ್ಲು. ಆದುದರಿಂದ ಕಪಾಟು ಮೂಡಣ ಒಳಗೋಡೆಗೆ ಹೋಯಿತು. ಅಲ್ಲಿಯೂ ಹಿಂಬದಿಯ ಹಲಗೆಗೂ ಗೋಡೆಗೂ ನಡುವೆ 2 ಅಂಗುಲ ತೆರವು. ಬಾಗಿಲುಗಳ ಮೇಲೆ ಕೆಳಗೆ ಗಾಳಿ ಹಾಯಲು ಸೀಳುಗಂಡಿಗಳು. ಮಳೆಗಾಲದಲ್ಲಿ ಉಬ್ಬುವ ಮರಕ್ಕಾಗಿ ಬಾಗಿಲುಗಳ ನಡುವೆ ಒಂದು ನಾಣ್ಯದ ದಪ್ಪದಷ್ಟು ಎಡೆ. ‘ಮುಚ್ಚುವುದು ಕಷ್ಟವಲ್ಲ, ಉಸಿರಾಡಿಸುವುದು ಕಷ್ಟ’ ಎಂದರು ಆಚಾರ್ಯರು.

ಚೌಕಟ್ಟು ನಿಂತ ಮೇಲೆ ಅವರು ಉಳಿಯನ್ನು ಕೆಳಗಿಟ್ಟು ನನ್ನನ್ನು ಕೇಳಿದರು: ‘ಬಿಚ್ಚುವ ಹಾಗೆ ಮಾಡಬೇಕೋ, ಬಿಚ್ಚದ ಹಾಗೆಯೋ?’ ಮರದ ಕೆಲಸದಲ್ಲಿ ಇದು ಸಹಜವಾದ ಪ್ರಶ್ನೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಊರೂರುಗಳಿಂದ ಕಳಚಿ ತಂದು ಮತ್ತೆ ನಿಲ್ಲಿಸಿದ ಹಳೆಯ ಮನೆಗಳನ್ನು ನೋಡಿದವರಿಗೆ, ಕೀಲಿನ ಕೆಲಸ ಚೊಕ್ಕವಾಗಿದ್ದರೆ ಇಡಿಯ ಮನೆಯನ್ನೇ ಬಿಚ್ಚಿ ಕಟ್ಟಬಹುದೆಂದು ಗೊತ್ತು. ಆದರೆ ಆ ಪ್ರಶ್ನೆ ಬಂದಾಗ ಅಕ್ಕ ಬಾಗಿಲ ಬಳಿ ನಿಂತಿದ್ದಳು; ಕೈಯಲ್ಲಿ ಆಚಾರ್ಯರಿಗೆಂದು ತಂದ ಚಹದ ಲೋಟ. ಅವಳು ನನ್ನ ಮುಖವನ್ನು ನೋಡಲಿಲ್ಲ, ಚೌಕಟ್ಟನ್ನು ನೋಡುತ್ತಿದ್ದಳು. ನಾನು, ‘ಬಿಚ್ಚುವ ಯೋಚನೆಯಿಲ್ಲ’ ಎಂದೆನು. ಆಚಾರ್ಯರು ತಲೆಯಾಡಿಸಿ ಗೋಡೆಗೆ ಬಿಗಿಯುವ ಕೆಲಸಕ್ಕೆ ತೊಡಗಿದರು.

ಆ ಸಂಜೆ ಅಕ್ಕ ಮೊದಲ ಬಾರಿಗೆ ಕಪಾಟಿನ ವಿಷಯವನ್ನು ಎತ್ತಿದಳು. ಅಲ್ಲಿಯವರೆಗೆ, ‘ನನಗೆ ಇಷ್ಟು ಜಾಗ ಯಾಕೆ ಮಾರಾಯ, ಮೂರಡಿ ಸಾಕು’ ಎಂದಷ್ಟೇ ಅವಳ ಮಾತು. ಈಗ ಸೀರೆಗಳ ಮಾತು ಬರಲಿಲ್ಲ. ‘ನಿನ್ನ ಭಾವನ ಲೆಕ್ಕದ ಪುಸ್ತಕಗಳಿವೆ. ಇನ್ನು ಯಾರೂ ನೋಡುವವುಗಳಲ್ಲ. ಕೆಳಗಿನ ಹಲಗೆಯಲ್ಲಿ ಇಟ್ಟರೆ ಅಡ್ಡಿಯಿದೆಯೇ?’ ಎಂದು ಕೇಳಿದಳು. ಕೆಳಗಿನ ಹಲಗೆ ಬೇಡ, ಒರಲೆ ಹತ್ತಿದರೆ ಮೊದಲು ಅಲ್ಲಿಗೆ. ಎದೆಯ ಎತ್ತರದಲ್ಲಿ ಒಂದು ಹಲಗೆ ಅದಕ್ಕೇ ಇರಲಿ ಎಂದು ನಾನು ಹೇಳಿದೆನು. ಮರುದಿನ ಆಚಾರ್ಯರು ಆ ಪುಸ್ತಕಗಳ ಎತ್ತರವನ್ನು ಅಳೆದು ಹಲಗೆ ಕೂರಿಸಿದರು.

ಮಳೆಗಾಲವೊಂದು ಕಳೆದಿದೆ. ಸೀರೆಗಳ ನಡುವೆ ಲಾವಂಚದ ಬೇರು ಇದೆ, ಬೂಷ್ಟು ಬರಲಿಲ್ಲ. ಹಳದಿಯಾಗಿದ್ದ ಹಲಸಿನ ಮರ ಕೆಂಚಾಗಲು ತೊಡಗಿದೆ; ಕೆಲವು ವರುಷಗಳಲ್ಲಿ ಮನೆಯ ಹಳೆಯ ಮರಗಳ ಬಣ್ಣಕ್ಕೇ ಬಂದೀತು. ಟ್ರಂಕುಗಳಲ್ಲಿ ಒಂದನ್ನು ಅಕ್ಕನೇ ಕೆಳಗಿಳಿಸಿ, ಒಣಗಿದ ತೆಂಗಿನ ಸಿಪ್ಪೆ ತುಂಬಲು ಬಚ್ಚಲಿನ ಒಲೆಯ ಬಳಿ ಇರಿಸಿದಳು. ಇನ್ನೊಂದು ಇನ್ನೂ ಮಂಚದ ಕೆಳಗಿದೆ. ಅದರೊಳಗೆ ಏನಿದೆಯೆಂದು ನಾವು ಕೇಳಿಲ್ಲ. ಮನುಷ್ಯರು ಒಂದು ಮನೆಯಲ್ಲಿ ನೆಲೆಯಾಗುವುದು ಒಂದೇ ಸಲಕ್ಕಲ್ಲ. ಗೋಡೆಗಳೆಲ್ಲ ಒಡೆಯುವುದಕ್ಕಾಗಿಯೇ ಏಳುತ್ತವೆಯೆಂಬ ಊರಿನವರ ಅನುಭವವನ್ನು ನಾನು ಸುಳ್ಳೆನ್ನಲಾರೆ. ಇರುವ ಸ್ಥಳವನ್ನು ಎರಡು ಅಡಿ ಕಿರಿದು ಮಾಡಿ, ಒಬ್ಬರಿಗೆ ಸ್ಥಳ ಕೊಡುವ ಗೋಡೆಯೂ ಉಂಟೆಂಬುದನ್ನು ಮಾತ್ರ ಅದರ ಪಕ್ಕದಲ್ಲಿ ಬರೆದಿಡುತ್ತೇನೆ.